ನಾಲ್ಕು ವರ್ಷದ ಮಗಳು ಆಟಕ್ಕೇ ಇಳಿಯುತ್ತಿಲ್ಲ, ಶಾಲೆಯಲ್ಲಿ ಬರೆಸಿ ಎನ್ನುತ್ತಾರೆ. ಏನು ಮಾಡಲಿ?

ವಿನೋಬನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಶಿವಮೊಗ್ಗದ ವಿನೋಬನಗರದಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆ. ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ಈ ಜೂನ್‌ನಿಂದ ಎಲ್‌ಕೆಜಿಗೆ ಹೋಗುತ್ತಿದ್ದಾಳೆ.

ಹೋದ ವಾರ ಶಾಲೆಗೆ ಕರೆಸಿದ್ದರು. ಅಕ್ಷರ ಗೆರೆಯ ಮೇಲೆ ಕೂರುತ್ತಿಲ್ಲ, ಪೆನ್ಸಿಲ್ ಹಿಡಿತ ಸರಿಯಿಲ್ಲ, ಮನೆಯಲ್ಲಿ ದಿನಾ ಎರಡು ಪುಟ ಬರೆಸಿ ಎಂದರು. ಬರೆಸಲು ಕೂತರೆ ಐದು ನಿಮಿಷಕ್ಕೆ ಅಳು ಶುರು. ಪೆನ್ಸಿಲನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಾಳೆ ಎಂದರೆ ಬೆರಳ ತುದಿ ಬೆಳ್ಳಗಾಗಿರುತ್ತದೆ. ಪುಟ ಹರಿಯುವಷ್ಟು ಒತ್ತುತ್ತಾಳೆ.

ಆದರೆ ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಬೇರೆ ವಿಷಯ. ಭಾನುವಾರ ಮಳೆ ಸ್ವಲ್ಪ ಬಿಟ್ಟಿತ್ತು, ಗಾಂಧಿ ಪಾರ್ಕಿಗೆ ಹೋಗಿದ್ದೆವು. ಜಾರುಬಂಡೆಯ ಮೂರನೇ ಮೆಟ್ಟಿಲಿಗೆ ಹತ್ತಿ ಅಲ್ಲೇ ನಿಂತುಬಿಟ್ಟಳು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಹಿಂದೆ ನಿಂತಿದ್ದ ಹುಡುಗನಿಗೆ ತಾಳ್ಮೆ ತಪ್ಪಿತು, ತಳ್ಳಿದ. ಇಳಿದು ಬಂದವಳು ನನ್ನ ಚೂಡಿದಾರದ ಅಂಚು ಹಿಡಿದು ಅರ್ಧ ಗಂಟೆ ಹಾಗೇ ನಿಂತಿದ್ದಳು. ಅವಳ ವಯಸ್ಸಿನ ಮಕ್ಕಳು ಕುಂಟುತ್ತಾ, ಓಡುತ್ತಾ ಇದ್ದರು. ಇವಳಿಗೆ ಒಂಟಿ ಕಾಲಲ್ಲಿ ಕುಂಟಲು ಬರುವುದಿಲ್ಲ. ಚೆಂಡು ಎಸೆದರೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ತಪ್ಪು ನಮ್ಮದೂ ಇದೆ. ಕೆಳಗಡೆ ರಸ್ತೆ, ಮೇಲೆ ಮೂರು ಕೋಣೆ. ಎರಡು ವರ್ಷ ಅವಳನ್ನು ಸುಮ್ನೆ ಕೂರಿಸಲು ಮೊಬೈಲೇ ಗತಿಯಾಗಿತ್ತು. ಬರವಣಿಗೆ ಮೊದಲು ನೋಡಿಕೊಳ್ಳಲಾ, ಇದನ್ನು ನೋಡಿಕೊಳ್ಳಲಾ? ಅನುಭವ ಇದ್ದವರು ಹೇಳಿ.

ಸಾಗರದ ಅಜ್ಜ

ತಂಗಿ, ಮಗುವನ್ನು ತೋಟ ಇರುವ ಮನೆಗೆ ಹದಿನೈದು ದಿನ ಕಳಿಸು. ಬೇರೇನೂ ಬೇಡ. ನಮ್ಮ ಮೊಮ್ಮಗ ಬೆಂಗಳೂರಿಂದ ಬಂದಾಗ ಅಂಗಳದ ಒಂದು ಮೆಟ್ಟಿಲು ಇಳಿಯಲು ಕೈ ಕೇಳುತ್ತಿದ್ದ. ತಿಂಗಳು ಕಳೆಯುವುದರೊಳಗೆ ಬೇಲಿ ಬಾಗಿಲಿನ ಉಣಗೋಲು ಹತ್ತಿ ಆಚೆ ಹಾರುತ್ತಿದ್ದ. ನಾವು ಯಾರೂ ಏನೂ ಹೇಳಿಕೊಟ್ಟಿಲ್ಲ. ಮಕ್ಕಳನ್ನು ಬಿಟ್ಟರೆ ಸಾಕು, ಅವೇ ಕಲಿಯುತ್ತವೆ.

ಗೋಪಾಳದ ಫಿಸಿಯೋ

ನಾನು ಮಕ್ಕಳ ಫಿಸಿಯೋಥೆರಪಿ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದು, ಕುಂಟಲು ಬರುತ್ತಿಲ್ಲ ಎಂದು ಈಗಲೇ ಗಾಬರಿ ಬೇಡ. ಒಂಟಿ ಕಾಲಲ್ಲಿ ಕುಂಟುವುದು ನಾಲ್ಕು ಮತ್ತು ಐದರ ನಡುವೆ ಬರುವ ವಿದ್ಯೆ. ಅಮೆರಿಕದ ಸಿಡಿಸಿ ಎಂಬ ಆರೋಗ್ಯ ಸಂಸ್ಥೆ 2022ರಲ್ಲಿ ತಿದ್ದಿದ ಬೆಳವಣಿಗೆಯ ಪಟ್ಟಿಯಲ್ಲಿ ಅದು ಐದು ವರ್ಷದ ಸಾಲಿನಲ್ಲಿದೆ. ದೊಡ್ಡ ಚೆಂಡನ್ನು ಹೆಚ್ಚಿನ ಸಲ ಹಿಡಿಯುವುದು ನಾಲ್ಕರ ಸಾಲಿನಲ್ಲಿದೆ. ಅದರ ಕಡೆ ಗಮನ ಕೊಡಿ.

ಎರಡನೆಯದು ನಿಮ್ಮ ಪ್ರಶ್ನೆಗೇ ಉತ್ತರ. ನೀವು ಬರವಣಿಗೆ ಒಂದು, ಆಟ ಒಂದು ಎಂದು ಬೇರೆ ಬೇರೆ ಮಾಡಿ ಕೇಳಿದ್ದೀರಿ. ಮಗುವಿನ ಮೈಯಲ್ಲಿ ಅವೆರಡೂ ಒಂದೇ ದಾರಿಯಲ್ಲಿ ಬರುತ್ತವೆ. ಮಗುವಿಗೆ ಹಿಡಿತ ಬರುವುದು ತಲೆಯಿಂದ ಕಾಲಿನ ಕಡೆಗೆ, ನಡುವಿನಿಂದ ತುದಿಯ ಕಡೆಗೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು, ಆಮೇಲೆ ಕಾಲು. ಕೈಯಲ್ಲೂ ಹಾಗೇ. ಮೊದಲು ಭುಜ, ಆಮೇಲೆ ಮೊಣಕೈ, ಮಣಿಕಟ್ಟು, ಕೊನೆಗೆ ಬೆರಳು. ಬೆರಳು ಸಲೀಸಾಗಿ ಆಡಬೇಕಾದರೆ ಭುಜ ಅಲುಗದೆ ನಿಂತಿರಬೇಕು. ಭುಜದಲ್ಲಿ ಬಲ ಬಂದಿಲ್ಲದ ಮಗು ಬೆರಳನ್ನೇ ಬಿಗಿ ಹಿಡಿದು ಕೆಲಸ ಮುಗಿಸಲು ನೋಡುತ್ತದೆ. ನಿಮ್ಮ ಮಗಳ ಬೆರಳ ತುದಿ ಬೆಳ್ಳಗಾಗುವುದು ಇದಕ್ಕೇ ಇರಬಹುದು.

ಇನ್ನೊಂದು ವಿಷಯ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಇನ್ನೂ ಮೂಳೆಯೇ ಆಗಿರುವುದಿಲ್ಲ, ಕಿವಿಯ ಅಂಚಿನ ಹಾಗೆ ಮೆದುವಾಗಿರುತ್ತವೆ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಎಂಟೂ ಮೂಳೆಯಾಗುವ ಹೊತ್ತಿಗೆ ಮಗುವಿಗೆ ಹತ್ತು-ಹನ್ನೆರಡು ವರ್ಷ. ನಾಲ್ಕರ ಮಗುವಿನ ಎಕ್ಸ್‌ರೇ ನೋಡಿದರೆ ಆ ಜಾಗದಲ್ಲಿ ಎಷ್ಟೋ ಭಾಗ ಖಾಲಿ ಕಾಣುತ್ತದೆ. ಆ ಕೈಗೆ ದಿನಾ ಎರಡು ಪುಟ ಬರೆ ಎನ್ನುವುದು ನನಗೆ ಸಂಕಟದ ಮಾತು.

ಅಜ್ಜಾ, ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಬಿಟ್ಟರೆ ಮಕ್ಕಳು ಓಡುವುದನ್ನು, ಹತ್ತುವುದನ್ನು ಕಲಿಯುತ್ತವೆ. ಆದರೆ ಎಸೆಯುವುದು, ಹಿಡಿಯುವುದು, ಕುಂಟುವುದು, ನೆಗೆಯುವುದು ಇವನ್ನು ಯಾರಾದರೂ ತೋರಿಸಬೇಕು, ಮತ್ತೆ ಮತ್ತೆ ಮಾಡಲು ಅವಕಾಶ ಕೊಡಬೇಕು. ನಿಮ್ಮ ಕಾಲದಲ್ಲಿ ಯಾರೂ ಹೇಳಿಕೊಡಲಿಲ್ಲ ಎಂದು ನಿಮಗೆ ಅನ್ನಿಸುತ್ತದೆ. ಹೇಳಿಕೊಟ್ಟವರು ಇದ್ದರು. ಎಂಟು ವರ್ಷದ ಅಕ್ಕ ಇದ್ದಳು, ಹತ್ತು ವರ್ಷದ ಚಿಕ್ಕಪ್ಪನ ಮಗ ಇದ್ದ. ಚಿಕ್ಕವರನ್ನು ಆಟದಲ್ಲಿ ಸೇರಿಸಿಕೊಂಡು ಅವರೇ ತಿದ್ದುತ್ತಿದ್ದರು. ಈಗ ಮಹಡಿ ಮನೆಯಲ್ಲಿ ಒಂದೇ ಮಗು. ಆ ಅಕ್ಕನ ಜಾಗದಲ್ಲಿ ಅಪ್ಪ-ಅಮ್ಮ ನಿಲ್ಲಬೇಕಾಗಿದೆ.

ಸಾಗರದ ಅಜ್ಜ

ಚಿಕ್ಕಪ್ಪನ ಮಗನ ಮಾತು ನಿಜ. ನನಗೆ ಬುಗುರಿ ಕಲಿಸಿದ್ದು ನಮ್ಮ ಅಣ್ಣ. ದಾರ ಸುತ್ತಲು ಬರುವವರೆಗೆ ಬುಗುರಿ ಮುಟ್ಟಲು ಬಿಡುತ್ತಿರಲಿಲ್ಲ. ಅದನ್ನು ಪಾಠ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ ನೋಡಿ.

ಭದ್ರಾವತಿ ಮಿಸ್

ನಾನು ಒಂದು ಶಾಲೆಯಲ್ಲಿ ಎಲ್‌ಕೆಜಿ ಟೀಚರ್. ನಮ್ಮ ಕಡೆಯ ಮಾತನ್ನೂ ಕೇಳಿ.

ನನ್ನ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಇರುವುದು ಒಂದು ಕೋಣೆ, ಹೊರಗೆ ಸಿಮೆಂಟಿನ ಅಂಗಳ. ಅದರಲ್ಲಿ ಅರ್ಧ ವ್ಯಾನ್ ನಿಲ್ಲಿಸುವ ಜಾಗ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆ ಆಟದ ಮೂಲಕ ಆಗಬೇಕು ಎಂದೇ ಇದೆ. ನಮಗೂ ಗೊತ್ತು. ಆದರೆ ಪೋಷಕರ ಸಭೆಯ ದಿನ ಬಂದವರು ಮೊದಲು ತೆರೆಯುವುದು ನೋಟ್‌ಬುಕ್. "ಏನೂ ಬರೆಸೇ ಇಲ್ಲವಲ್ಲ ಮಿಸ್, ಪಕ್ಕದ ಶಾಲೆಯಲ್ಲಿ ಆಗಲೇ ಎರಡಕ್ಷರದ ಪದ ಬಂದಿದೆ" ಎನ್ನುತ್ತಾರೆ. ಹೋದ ವರ್ಷ ನಾನು ಒಂದು ತಿಂಗಳು ಬರೆಸುವುದನ್ನು ನಿಲ್ಲಿಸಿ ಬರೀ ಮಣ್ಣು, ಮಣಿ, ಚೆಂಡಿನ ಆಟ ಮಾಡಿಸಿದೆ. ನಾಲ್ಕು ಮನೆಯವರು ಆಫೀಸಿಗೆ ಬಂದು ದೂರು ಕೊಟ್ಟರು. ಮಕ್ಕಳು ಖುಷಿಯಾಗಿದ್ದರು, ನನ್ನ ಕೆಲಸ ಉಳಿಯುವುದೇ ಕಷ್ಟವಾಯಿತು.

ಅದಕ್ಕೇ ವಿನೋಬನಗರದ ಅಮ್ಮನಿಗೆ ಒಂದು ಬೇಡಿಕೆ. ಶಾಲೆಗೆ ಹೋಗಿ ಮಾತಾಡಿ. ಜಗಳ ಬೇಡ. "ನಮಗೆ ಈ ವರ್ಷ ಎರಡು ಪುಟ ಬೇಡ, ಅವಳು ಓಡಾಡಿದರೆ ಸಾಕು, ಬರೆಯದಿದ್ದರೆ ನಾವು ದೂರು ಹೇಳುವುದಿಲ್ಲ" ಎಂದು ಹೇಳಿ. ಹಾಗೆ ಹೇಳುವ ನಾಲ್ಕು ಪೋಷಕರು ಸಿಕ್ಕಿದರೆ ನನ್ನಂಥವರಿಗೆ ಆನೆ ಬಲ.

ಅಂಗನವಾಡಿ ಟೀಚರ್, ತೀರ್ಥಹಳ್ಳಿ ಕಡೆ

ಮಿಸ್ ಹೇಳಿದ್ದು ಓದಿ ಬೇಜಾರಾಯಿತು. ನಮ್ಮಲ್ಲಿ ಆ ಒತ್ತಡ ಕಡಿಮೆ. ಅಂಗನವಾಡಿಗೆಂದೇ ಇರುವ ಚಿಲಿಪಿಲಿ ಪುಸ್ತಕದಲ್ಲೇ ಹಾಡು, ಕತೆ, ಹೊರಗಿನ ಆಟಕ್ಕೆ ಜಾಗ ಇದೆ. ಕಷ್ಟ ಬೇರೆ ಇವೆ, ಅದನ್ನು ಇಲ್ಲಿ ತೋಡಿಕೊಳ್ಳುವುದಿಲ್ಲ.

ನಾನು ಒಂದು ಆಟದ ಬಗ್ಗೆ ಹೇಳುತ್ತೇನೆ. ಅಡಿಕೆ ಹಾಳೆ. ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ಅಡಿಕೆ ಸೋಗೆಯ (ಗರಿಯ) ಬುಡದಲ್ಲಿರುವ ಅಗಲದ, ದಪ್ಪ ಪಟ್ಟೆ. ಸೋಗೆ ಸಮೇತ ಉದುರಿದ ಹಾಳೆಯಲ್ಲಿ ಒಬ್ಬರು ಕೂರುವುದು, ಇನ್ನೊಬ್ಬರು ಸೋಗೆಯ ದಂಟು ಹಿಡಿದು ಎಳೆಯುವುದು. ಇದು ಸುಮ್ನೆ ಹೊತ್ತು ಕಳೆಯುವ ಆಟ ಎಂದು ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಒಂದು ದಿನ ಕಟ್ಟೆಯ ಮೇಲೆ ಕೂತು ಪೂರ್ತಿ ನೋಡಿದೆ.

ಹನ್ನೊಂದು ಮಕ್ಕಳು, ಒಂದೇ ಹಾಳೆ. ಅದರಲ್ಲಿ ಒಬ್ಬ ಹುಡುಗ ದಿನಾ ಕೂರುವವನೇ, ಎಳೆಯಲು ಒಲ್ಲ. ಅವತ್ತು ಅವನನ್ನು ಎಳೆದವಳು ಅವನಿಗಿಂತ ಚಿಕ್ಕ ಹುಡುಗಿ. ಮೊದಲು ಕೈಯಿಂದ ಎಳೆದಳು, ಹಾಳೆ ಅಲುಗಲಿಲ್ಲ. ಹಿಂದೆ ತಿರುಗಿ, ಎರಡೂ ಕೈಯಲ್ಲಿ ದಂಟು ಹಿಡಿದು, ಹಿಮ್ಮಡಿ ನೆಲಕ್ಕೆ ಊರಿ, ಮೈಭಾರ ಪೂರ್ತಿ ಹಿಂದಕ್ಕೆ ಬಿಟ್ಟಳು. ಹಾಳೆ ಜಾರಿತು. ಅವಳಿಗೆ ಖುಷಿಯಾಗಿ ಓಡತೊಡಗಿದಳು. ಹುಡುಗ ಮಗುಚಿ ಬಿದ್ದ. ಅತ್ತ. ಅವಳು ಬಂದು ಅವನ ಮುಖವನ್ನೇ ನೋಡುತ್ತಾ ನಿಂತಳು. ನಾನು ಹತ್ತಿರ ಹೋಗಿ ಕೂತು, "ಭಯ ಆಯ್ತಾ? ಜೋರಾಯ್ತಾ? ಅವಳಿಗೆ ಏನು ಹೇಳಬೇಕಿತ್ತು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು "ಮೆಲ್ಲ" ಎಂದ.

ಮತ್ತೆ ಕೂತ. ಈ ಸಲ ಹಾಳೆಯ ಎರಡೂ ಅಂಚು ಗಟ್ಟಿಯಾಗಿ ಹಿಡಿದು, ಕಾಲು ಮಡಚಿ, ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಕೂತ. ಮೂರು ಹೆಜ್ಜೆಗೆ "ಮೆಲ್ಲ" ಎಂದ. ಅವಳು ನಿಧಾನ ಮಾಡಿದಳು. ಐದು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದಳು. ಆ ತಿರುಗಿ ನೋಡುವುದು ಇದೆಯಲ್ಲ, ಅದನ್ನು ನಾನು ಕಲಿಸಿರಲಿಲ್ಲ. ಎರಡು ದಿನ ಬಿಟ್ಟು ಅವನೇ ಎಳೆಯಲು ನಿಂತ. ಎಳೆಯುವುದು ಎಷ್ಟು ಕಷ್ಟ ಎಂದು ಅವತ್ತು ಅವನಿಗೆ ಗೊತ್ತಾಯಿತು. ಆಮೇಲೆ ಸರದಿಗೆ ಜಗಳ ಕಡಿಮೆಯಾಯಿತು.

ಫಿಸಿಯೋ ಅವರು ಹೇಳಿದ ಭುಜದ ಬಲ, ಬೆನ್ನಿನ ಬಲ ಎಲ್ಲ ಅದರಲ್ಲೇ ಇದೆ ಅಲ್ವಾ? ಜೊತೆಗೆ ಇನ್ನೊಬ್ಬರ ಮುಖ ನೋಡಿ ವೇಗ ಕಡಿಮೆ ಮಾಡುವುದೂ ಇದೆ.

ಗೋಪಾಳದ ಫಿಸಿಯೋ

ಟೀಚರ್, ಇದನ್ನು ಓದಿ ತುಂಬಾ ಸಂತೋಷವಾಯಿತು. ನೀವು ಹೇಳಿದ "ಮೆಲ್ಲ" ಬಹಳ ದೊಡ್ಡ ಮಾತು. ಈ ವಯಸ್ಸಿನಲ್ಲಿ ಮಕ್ಕಳಿಗೆ ಮೈಯ ವೇಗ ಬಂದಿರುತ್ತದೆ, ತಡೆ ಬಂದಿರುವುದಿಲ್ಲ. ತಡೆಯುವ ಕೆಲಸ ಮಾಡುವುದು ಮಿದುಳಿನ ಮುಂದಿನ ಭಾಗ. ಅದು ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ನಾಲ್ಕರ ಮಗುವಿಗೆ "ಸುಮ್ಮನಿರು, ತಡೆದುಕೋ" ಎಂದು ಎಷ್ಟು ಹೇಳಿದರೂ ಪ್ರಯೋಜನ ಕಡಿಮೆ. ಆಟದಲ್ಲಿ ತಡೆಯುವುದನ್ನು ನೂರು ಸಲ ಮಾಡಿದರೆ ಅದು ನಿಧಾನಕ್ಕೆ ಮೈಗೆ ಬರುತ್ತದೆ.

ವಿನೋಬನಗರದ ಅಮ್ಮ, ನೀವು ಮನೆಯಲ್ಲಿ ಮಾಡಬಹುದಾದದ್ದು ಹೇಳುತ್ತೇನೆ. ಚೆಂಡಿಗೆ ಕಣ್ಣು ಮುಚ್ಚುವ ಮಗುವಿಗೆ ಚೆಂಡು ಕೊಡಬೇಡಿ. ಬಲೂನ್ ಕೊಡಿ. ಅದು ನಿಧಾನವಾಗಿ ಬರುತ್ತದೆ, ತಾಗಿದರೆ ನೋಯುವುದಿಲ್ಲ, ನೋಡಲು ಸಮಯ ಸಿಗುತ್ತದೆ. ಒಡೆದ ಚೂರನ್ನು ಮಾತ್ರ ತಕ್ಷಣ ತೆಗೆಯಿರಿ, ಬಾಯಿಗೆ ಹಾಕಿಕೊಂಡರೆ ಅಪಾಯ. ವಾರ ಕಳೆದ ಮೇಲೆ ಹಳೆಯ ಕಾಲುಚೀಲ ಸುತ್ತಿದ ಉಂಡೆ. ಆಮೇಲೆ ದೊಡ್ಡ ಮೆತ್ತನೆಯ ಚೆಂಡು, ಮೊದಲು ನೆಲದ ಮೇಲೆ ಉರುಳಿಸಿ, ಆಮೇಲೆ ಎರಡು ಹೆಜ್ಜೆ ದೂರದಿಂದ ಎಸೆಯಿರಿ.

ಎಸೆಯುವುದನ್ನು ಕಲಿಸುವಾಗ ಒಂದು ಸಣ್ಣ ಉಪಾಯ. ಬಲಗೈಯಲ್ಲಿ ಎಸೆಯುವ ಮಗು ಸಾಮಾನ್ಯವಾಗಿ ಬಲಗಾಲನ್ನೇ ಮುಂದಿಡುತ್ತದೆ. ಎಡಗಾಲು ಮುಂದೆ ಬಂದರೆ ಸೊಂಟ ತಿರುಗಿ ಬಲ ಬರುತ್ತದೆ. ನೆಲದ ಮೇಲೆ ಒಂದು ಹಲಸಿನ ಎಲೆ ಇಡಿ, "ಎಡಗಾಲಲ್ಲಿ ಎಲೆ ತುಳಿದು ಎಸಿ" ಎನ್ನಿ. ಗೋಡೆಗೆ ಎಸೆಯಲಿ, ಬಕೆಟ್‌ಗೆ ಎಸೆಯಲಿ.

ಬರವಣಿಗೆಯ ಬದಲು ಒಂದು ಬಕೆಟ್ ನೀರು ಮತ್ತು ಗೋಡೆಗೆ ಬಣ್ಣ ಹೊಡೆಯುವ ಅಗಲದ ಬ್ರಶ್ ಕೊಡಿ. ಮಹಡಿಯ ಗೋಡೆಗೆ ನೀರಿನಲ್ಲೇ ಬಣ್ಣ ಹೊಡೆಯಲಿ. ಕೈ ಎತ್ತಿ ಮಾಡುವ ಕೆಲಸ ಭುಜವನ್ನು ಕಟ್ಟುತ್ತದೆ. ಬೆರಳಿಗೆ ಚಪಾತಿ ಹಿಟ್ಟು, ಅವರೆಕಾಳಿನ ಕಾಲದಲ್ಲಿ ಹಿತಕುವುದು, ಚೆನ್ನೆಮಣೆ ಇದ್ದರೆ ಅದರ ಕಾಯಿ ಒಂದೊಂದೇ ಹಾಕುವುದು. ಹಿತಕಿದ ಬೇಳೆಗೆ ಕೂತ ಮಗುವಿನ ಹೆಬ್ಬೆರಳು, ತೋರುಬೆರಳನ್ನು ಒಮ್ಮೆ ನೋಡಿ. ಪೆನ್ಸಿಲಿಗೆ ಬೇಕಾದ ಹಿಡಿತ ಅದೇ.

ಹೊಸನಗರದ ಅವಳಿ ಮಕ್ಕಳ ಅಪ್ಪ

ನಮ್ಮ ಕಷ್ಟ ಮಳೆ. ಗಂಡು ಅವಳಿಗಳು, ಮೂರೂವರೆ ವರ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಬಿಡುವುದೇ ಆಗುವುದಿಲ್ಲ. ಜೋರು ಮಳೆಗೆ ರಜೆ ಘೋಷಣೆಯಾದರೆ ನಾಲ್ಕು ಗೋಡೆ ಮಧ್ಯೆ ಇಬ್ಬರೂ ಒಬ್ಬರ ಮೇಲೊಬ್ಬರು. ಈಗ ಕಚ್ಚುವುದು ಶುರುವಾಗಿದೆ. ಹೊಡೆದರೆ ಇನ್ನೂ ಜಾಸ್ತಿ. ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಆಟ ಬೇಕು ಎಂದು ಎಲ್ಲೋ ಓದಿದೆ. ಆ ಮೂರು ಗಂಟೆಯನ್ನು ಈ ಮಳೆಯಲ್ಲಿ ಎಲ್ಲಿಂದ ತರಲಿ?

ಗೋಪಾಳದ ಫಿಸಿಯೋ

ನೀವು ಓದಿದ್ದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು. ಮೂರು-ನಾಲ್ಕು ವರ್ಷದ ಮಕ್ಕಳಿಗೆ ದಿನವಿಡೀ ಸೇರಿ ಕನಿಷ್ಠ 180 ನಿಮಿಷ ಮೈ ಅಲುಗಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂತೆ ಇರಬೇಕು. ಮೊಬೈಲ್, ಟಿವಿ ಒಂದು ಗಂಟೆ ಮೀರಬಾರದು. ನಿದ್ದೆ, ಹಗಲಿನದೂ ಸೇರಿ, 10ರಿಂದ 13 ಗಂಟೆ. "ದಿನವಿಡೀ ಸೇರಿ" ಎನ್ನುವುದನ್ನು ಗಮನಿಸಿ. ಒಟ್ಟಿಗೆ ಮೂರು ಗಂಟೆ ಬೇಕಿಲ್ಲ. ಹತ್ತು ನಿಮಿಷ ಕೋಳಿ ಅಟ್ಟಿದ್ದು, ಕೊಟ್ಟಿಗೆಗೆ ಹುಲ್ಲು ಹೊತ್ತದ್ದು, ಮೆಟ್ಟಿಲು ಹತ್ತಿ ಇಳಿದದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ.

ಕಚ್ಚುವುದಕ್ಕೆ ಹೊಡೆಯುವುದು ಬೇಡ. ಮೂರೂವರೆಗೆ ಸಿಟ್ಟು ಬಂದಷ್ಟು ಬೇಗ ಮಾತು ಬರುವುದಿಲ್ಲ, ಅದಕ್ಕೆ ಹಲ್ಲು ಮುಂದೆ ಬರುತ್ತದೆ. ದಿನಾ ಸಂಜೆ ನೀವೇ ಹಾಸಿಗೆ ಹಾಸಿ ಇಬ್ಬರ ಜೊತೆ ಕುಸ್ತಿ ಆಡಿ. ಒಂದೇ ನಿಯಮ. ಯಾರಾದರೂ "ಸಾಕು" ಎಂದರೆ ಆ ಕ್ಷಣಕ್ಕೆ ಎಲ್ಲರೂ ಕೈ ಬಿಡಬೇಕು. ಮೊದಲು ನೀವೇ "ಸಾಕು" ಎನ್ನಿ, ಅವರು ಬಿಟ್ಟಾಗ "ಬಿಟ್ಟೆಯಲ್ಲ, ನನಗೆ ನೋವಾಗಲಿಲ್ಲ" ಎಂದು ಹೇಳಿ. ಅವರು ಹೇಳಿದಾಗ ನೀವೂ ತಕ್ಷಣ ಬಿಡಿ, ಒಂದು ಸಲವೂ ತಪ್ಪಬೇಡಿ. ಕೊನೆಗೆ ಇಬ್ಬರಿಗೂ ಒಂದೊಂದು ಸುತ್ತು ಉಪ್ಪಿನ ಮೂಟೆ, ನಿಧಾನಕ್ಕೆ. ರಭಸದ ಆಟವನ್ನು ಥಟ್ಟನೆ ನಿಲ್ಲಿಸಿದರೆ ಜಗಳ ಅಲ್ಲೇ ಹುಟ್ಟುತ್ತದೆ.

ಸಾಗರದ ಅಜ್ಜ

ಜಗುಲಿ ಇದೆಯಲ್ಲ ನಿಮ್ಮಲ್ಲಿ? ಎರಡು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಉದ್ದಕ್ಕೆ ನೆಲದ ಮೇಲೆ ಇಡು. ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟುವ ಆಟ ಆಡಿಸು. ಕೆಳಗೆ ಹಳ್ಳ ಇದೆ, ಮೊಸಳೆ ಇದೆ ಎಂದು ಹೇಳು. ದಬ್ಬೆಯ ಸಿಬಿರು ಮೊದಲು ಕತ್ತಿಯಲ್ಲಿ ಹೆರೆದು ನುಣ್ಣಗೆ ಮಾಡು, ಇಲ್ಲದಿದ್ದರೆ ಕಾಲಿಗೆ ಹೊಕ್ಕುತ್ತದೆ. ಬರಿಗಾಲಲ್ಲೇ ನಡೆಯಲಿ, ಬೆರಳು ದಬ್ಬೆಯನ್ನು ಹಿಡಿಯುತ್ತದೆ. ಒಬ್ಬ ದಾಟುವಾಗ ಇನ್ನೊಬ್ಬ ಕೈ ಕೊಡಬೇಕು. ಕಂಬಳಿ ಮೇಲೆ ಕೂರಿಸಿ ಎಳೆಯುವುದೂ ಆಗುತ್ತದೆ, ಹಾಳೆಯೇ ಬೇಕೆಂದಿಲ್ಲ.

ಮಳೆ ಹನಿಗೆ ಇಳಿದಾಗ ಹೊರಗೂ ಬಿಡು. ನೆನೆದರೆ ಒರೆಸಿದರಾಯಿತು. ಇಂಬಳ (ಜಿಗಣೆ) ಹತ್ತಿದರೆ ಬಿಡಿಸಿ ತೊಳೆದರಾಯಿತು. ಗಾಳಿ ಎದ್ದಾಗ ಮರದ ಬುಡಕ್ಕೆ, ನೀರು ಏರಿದಾಗ ಹಳ್ಳದ ಹತ್ತಿರಕ್ಕೆ ಮಾತ್ರ ಬಿಡಲೇಬೇಡ. ನಿಜವಾದ ಸಂಕಕ್ಕೂ ಬಿಡಬೇಡ.

ಅಂಗನವಾಡಿ ಟೀಚರ್, ತೀರ್ಥಹಳ್ಳಿ ಕಡೆ

ಒಳಗೆ ಆಡಲು ಕೆರೆ-ದಡಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಸೀಮೆಸುಣ್ಣದಲ್ಲಿ ಒಂದು ಗೆರೆ. "ಕೆರೆ" ಎಂದರೆ ಒಳಗೆ ನೆಗೆಯುವುದು, "ದಡ" ಎಂದರೆ ಹೊರಗೆ. ದಡ, ಕೆರೆ, ದಡ, ದಡ! ಎರಡನೇ ದಡಕ್ಕೆ ಎಲ್ಲರ ಮೈಯೂ ಮುಂದಕ್ಕೆ ಬಾಗಿರುತ್ತದೆ, ಕಾಲು ಮಾತ್ರ ತಡೆದು ನಿಂತಿರುತ್ತದೆ. ಕೆಲವರು ಕೈ ಬೀಸಿ ಬೀಸಿ ಹೇಗೋ ನಿಲ್ಲುತ್ತಾರೆ. ಫಿಸಿಯೋ ಅವರು ಹೇಳಿದ ತಡೆ ಅಂದರೆ ಇದೇ ಎಂದು ನನಗೆ ಈಗ ಅರ್ಥವಾಯಿತು.

ನಾನು ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಯಾರನ್ನೂ ಔಟ್ ಮಾಡುವುದಿಲ್ಲ. ಮೊದಲು ಮಾಡುತ್ತಿದ್ದೆ. ಆಗ ನೋಡಿದರೆ ದಿನಾ ಮೊದಲು ಔಟ್ ಆಗಿ ಗೋಡೆಗೆ ಒರಗಿ ಕೂರುವುದು ಅದೇ ಇಬ್ಬರು. ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರೇ ಕೂತಿರುತ್ತಿದ್ದರು. ಈಗ ತಪ್ಪಿದವರು ಒಂದು ಸಲ ಕಪ್ಪೆಯ ಹಾಗೆ ವಟರ್ ಎಂದು ನೆಗೆದು ಮತ್ತೆ ಸೇರುತ್ತಾರೆ. ಕುರ್ಚಿ ಆಟದಲ್ಲೂ ಹಾಗೇ. ಕುರ್ಚಿ ತೆಗೆಯುತ್ತಾ ಹೋಗುತ್ತೇನೆ, ಮಕ್ಕಳನ್ನು ತೆಗೆಯುವುದಿಲ್ಲ. ಕೊನೆಗೆ ಎರಡು ಕುರ್ಚಿಗೆ ಹನ್ನೊಂದು ಮಕ್ಕಳು. ಒಬ್ಬರ ತೊಡೆಯ ಮೇಲೆ ಒಬ್ಬರು, ಬೀಳದಂತೆ ಹಿಡಿದುಕೊಂಡು. ಆ ನಗು ಕೇಳಿ ಅಡುಗೆ ಮಾಡುವ ಸಹಾಯಕಿಯೂ ಹೊರಗೆ ಬಂದು ನೋಡುತ್ತಾರೆ.

ವಿನೋಬನಗರದ ಅಮ್ಮನಿಗೆ ಇನ್ನೊಂದು ಮಾತು. ಪಾರ್ಕಿನಲ್ಲಿ ಅವಳು ಬದಿಗೆ ನಿಂತು ನೋಡಿದ್ದನ್ನು ಸೋಲು ಎಂದುಕೊಳ್ಳಬೇಡಿ. ಹೊಸ ಮಗು ನಮ್ಮಲ್ಲಿಗೆ ಬಂದಾಗ ಎರಡು ವಾರ ನೋಡುತ್ತಲೇ ಇರುತ್ತದೆ. ಆಮೇಲೆ ಇನ್ನೊಂದು ಮಗುವಿನ ಪಕ್ಕ ಕೂತು ತನ್ನಷ್ಟಕ್ಕೆ ತಾನು ಮಣ್ಣು ತುಂಬುತ್ತದೆ. ಆಮೇಲೆ ಅದರ ಚಿಪ್ಪು ಇದು, ಇದರ ಚಿಪ್ಪು ಅದು ತೆಗೆದುಕೊಳ್ಳುತ್ತವೆ. ಕೂಡಿ ಆಡುವುದು ಬರುವುದು ಇಷ್ಟೆಲ್ಲ ಆದ ಮೇಲೆ. ನೋಡುವುದೂ ಒಂದು ಮೆಟ್ಟಿಲು.

ಗೋಪಾಳದ ಫಿಸಿಯೋ

ಟೀಚರ್ ಕಣ್ಣಾರೆ ಕಂಡು ಹೇಳಿದ ಇದೇ ಮೆಟ್ಟಿಲುಗಳನ್ನು ಮಿಲ್ಡ್ರೆಡ್ ಪಾರ್ಟನ್ ಎಂಬ ಅಮೆರಿಕದ ಸಂಶೋಧಕಿ 1932ರಲ್ಲಿ ಬರೆದಿದ್ದರು. ನೋಡುವುದು, ಪಕ್ಕದಲ್ಲಿ ಆಡುವುದು, ಬೆರೆತು ಆಡುವುದು, ಕೂಡಿ ಆಡುವುದು.

ಶಿಕಾರಿಪುರದ ತಾಯಿ

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ "ಚೆಂಡು ಬಂದರೆ ಮುಖ ತಿರುಗಿಸುತ್ತಾಳೆ" ಎಂದು ಓದಿ ಸುಮ್ಮನಿರಲು ಆಗಲಿಲ್ಲ. ನನ್ನ ಮಗನೂ ಹಾಗೇ ಇದ್ದ. ಚೆಂಡು ಹಿಡಿಯುತ್ತಿರಲಿಲ್ಲ, ಮೆಟ್ಟಿಲಲ್ಲಿ ತಡವರಿಸುತ್ತಿದ್ದ, ಮಕ್ಕಳ ಗುಂಪಿಗೆ ಹೋಗುತ್ತಿರಲಿಲ್ಲ. ಎಲ್ಲರೂ ಅಂಜುಬುರುಕ ಎಂದರು. ನಾನೂ ಎಷ್ಟೋ ಸಲ ಬೈದೆ. ಐದೂವರೆಗೆ ಕಣ್ಣು ತೋರಿಸಿದೆವು. ಒಂದು ಕಣ್ಣಿಗೆ ದೊಡ್ಡ ನಂಬರು ಇತ್ತು. ಅವನಿಗೆ ಚೆಂಡು ಕಾಣುತ್ತಲೇ ಇರಲಿಲ್ಲ. ಕನ್ನಡಕ ಹಾಕಿದ ದಿನ ಅಂಗಳದಲ್ಲಿ ನಿಂತು "ಅಮ್ಮ, ಮರದಲ್ಲಿ ಎಲೆ ಬೇರೆ ಬೇರೆ ಇದೆ" ಎಂದ. ನಾನು ಬೈದದ್ದೆಲ್ಲ ನೆನಪಾಗಿ ಒಳಗೆ ಹೋಗಿ ಅತ್ತೆ. ದಯವಿಟ್ಟು ಮೊದಲು ಕಣ್ಣು, ಕಿವಿ ತೋರಿಸಿ.

ಗೋಪಾಳದ ಫಿಸಿಯೋ

ಇದನ್ನು ನಾನೇ ಮೊದಲು ಹೇಳಬೇಕಿತ್ತು. ಧನ್ಯವಾದ ತಾಯಿ.

ಇನ್ನು ಕೆಲವು ಲಕ್ಷಣ ಕಂಡರೆ ಆಟ ಆಡಿಸುತ್ತಾ ಕಾಯಬಾರದು. ಮೊದಲು ಬರುತ್ತಿದ್ದ ಕೆಲಸ ಈಗ ಬರುತ್ತಿಲ್ಲ ಎಂದರೆ. ಒಂದೇ ಕಡೆಯ ಕೈ ಕಾಲು ಬಳಸಿ ಇನ್ನೊಂದನ್ನು ಬಿಟ್ಟರೆ. ಯಾವಾಗಲೂ ತುದಿಗಾಲಲ್ಲೇ ನಡೆದರೆ. ನೆಲದಿಂದ ಏಳುವಾಗ ತೊಡೆಗೆ ಕೈ ಊರಿ ಊರಿ ಎದ್ದರೆ, ಅದರಲ್ಲೂ ಗಂಡು ಮಗುವಿನ ಮೀನಖಂಡ ದಪ್ಪಗಿದ್ದರೆ. ಹೆಸರು ಕರೆದರೆ ತಿರುಗದಿದ್ದರೆ. ಇವಕ್ಕೆ ಮಕ್ಕಳ ವೈದ್ಯರನ್ನೇ ನೋಡಿ. ದುಡ್ಡಿನ ಚಿಂತೆ ಇದ್ದವರು ತಿಳಿದಿರಲಿ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಮುಂದಿನ ಆರೈಕೆಗೆ ಕಳಿಸುವುದೂ ಅದರಲ್ಲೇ ಬರುತ್ತದೆ. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಸೊರಬದವ

ಆಟದ ಮಾತಿಗೆ ನನ್ನದೂ ಒಂದು ಎಚ್ಚರಿಕೆ. ಮಳೆಗಾಲ ಮುಗಿದು ಚಳಿ ಹಿಡಿದ ಮೇಲೆ ಬೇಸಿಗೆ ಕಳೆಯುವವರೆಗೆ ಕಾಡಂಚಿನ ತರಗೆಲೆಯಲ್ಲಿ ಮಕ್ಕಳನ್ನು ಹೊರಳಾಡಲು ಬಿಡಬೇಡಿ. ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಆಗಲೇ ಜಾಸ್ತಿ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಗುಡಿಸಿದ ಅಂಗಳದಲ್ಲಿ ಆಡಲಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಬದಲು. ಹತ್ತಿರದಲ್ಲಿ ಮಂಗ ಸತ್ತುಬಿದ್ದಿದ್ದರೆ ಆ ಕಡೆ ಯಾರೂ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಭದ್ರಾವತಿ ಮಿಸ್

ಕೆರೆ-ದಡವನ್ನು ಇವತ್ತು ತರಗತಿಯಲ್ಲಿ ಬೆಂಚು ಸರಿಸಿ ಆಡಿಸಿದೆ. ಹತ್ತು ನಿಮಿಷ. ಆಮೇಲೆ ಕತೆ ಹೇಳಿದಾಗ ಮೂವತ್ತೆಂಟೂ ಮಕ್ಕ‌ಳು ಕೂತು ಕೇಳಿದರು. ನಾಳೆಯೂ ಆಡಿಸುತ್ತೇನೆ. ನೋಟ್‌ಬುಕ್ ನೋಡುವವರಿಗೆ ಏನು ಹೇಳಬೇಕೆಂದು ಈಗ ನನ್ನ ಬಳಿ ಮಾತಿದೆ.

ವಿನೋಬನಗರದ ಅಮ್ಮ

ದಸರಾ ರಜೆ ಮುಗಿಸಿ ಬಂದೆವು. ಎಲ್ಲರಿಗೂ ಹೇಳಲೇಬೇಕು ಎಂದು ಬರೆಯುತ್ತಿದ್ದೇನೆ.

ಮೊದಲು ಕಣ್ಣು, ಕಿವಿ ತೋರಿಸಿದೆವು. ಎರಡೂ ಸರಿ ಇದೆ. ಶಾಲೆಗೆ ನಾನು ಮತ್ತು ಅವರಪ್ಪ ಇಬ್ಬರೂ ಹೋದೆವು. ಭದ್ರಾವತಿ ಮಿಸ್ ಹೇಳಿಕೊಟ್ಟ ಹಾಗೇ ಹೇಳಿದೆವು. ಟೀಚರ್ ಮುಖದಲ್ಲಿ ಒಂದು ನಿರಾಳ ಕಂಡಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಎರಡು ಪುಟ ನಿಂತಿದೆ. ಈಗ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಸೊನ್ನೆ ಬರೆಯುತ್ತಾಳೆ.

ಮನೆಯಲ್ಲಿ ಮಹಡಿಯ ಗೋಡೆಗೆ ದಿನಾ ನೀರಿನ ಬಣ್ಣ. ಒಣಗಿದ ಕೂಡಲೇ "ಅಮ್ಮ, ಹೋಯ್ತು" ಎಂದು ಮತ್ತೆ ಶುರು. ಮೊದಲ ವಾರ ಮೊಬೈಲ್ ಕೊಡಲಿಲ್ಲ ಎಂದು ಬಹಳ ಅತ್ತಳು. ನನಗೂ ಕಷ್ಟವಾಯಿತು, ಕೆಲಸವೆಲ್ಲ ಅವಳ ಜೊತೆಗೇ ಮಾಡಬೇಕಾಯಿತು. ಈಗ ಚಪಾತಿ ಉಂಡೆ ಅವಳದೇ. ಸರಿಯಾಗಿ ದುಂಡಗಿರುವುದಿಲ್ಲ, ಆದರೂ ಅವಳದೇ.

ರಜೆಯಲ್ಲಿ ರಿಪ್ಪನ್‌ಪೇಟೆ ಹತ್ತಿರ ನನ್ನ ತವರಿಗೆ ಹೋಗಿದ್ದೆವು. ಹಾಳೆ ಎಳೆಯಲು ಅಣ್ಣನ ಮಕ್ಕಳಿದ್ದರು. ಮೂರು ದಿನ ನೋಡುತ್ತಾ ನಿಂತಿದ್ದಳು. ನಾನು ಏನೂ ಹೇಳಲಿಲ್ಲ, ಅಂಗನವಾಡಿ ಟೀಚರ್ ಬರೆದದ್ದು ನೆನಪಿತ್ತು. ನಾಲ್ಕನೇ ದಿನ ಕೂತಳು. ಎರಡೂ ಅಂಚು ಹಿಡಿದು "ಮೆಲ್ಲ, ಮೆಲ್ಲ" ಎಂದು ಅಂಗಳದ ಈ ತುದಿಯಿಂದ ಆ ತುದಿಯವರೆಗೂ ಹೇಳುತ್ತಲೇ ಇದ್ದಳು. ಬರುವ ಹಿಂದಿನ ದಿನ ತಾನೇ ಎಳೆಯುತ್ತಿದ್ದಳು, ಅಣ್ಣನ ಎರಡು ವರ್ಷದ ಮಗುವನ್ನು. ಹಿಂದೆ ತಿರುಗಿ ನೋಡುತ್ತಾ.

ಕುಂಟಲು ಇನ್ನೂ ಪೂರ್ತಿ ಬಂದಿಲ್ಲ. ಗೋಡೆ ಹಿಡಿದರೆ ಮೂರು, ಬಿಟ್ಟರೆ ಒಂದು. ಬಲೂನ್ ಹಿಡಿಯುತ್ತಾಳೆ, ಚೆಂಡಿಗೆ ಈಗಲೂ ಒಂದು ಕಣ್ಣು ಮುಚ್ಚುತ್ತಾಳೆ. ನಿನ್ನೆ ಗಾಂಧಿ ಪಾರ್ಕಿನಲ್ಲಿ ಜಾರುಬಂಡೆಯ ತುದಿಯವರೆಗೆ ಹತ್ತಿದಳು. ಮೇಲೆ ಕೂತು ಬಹಳ ಹೊತ್ತು ಯೋಚಿಸಿ, ಹಿಂದೆ ಇದ್ದ ಮಗುವಿಗೆ "ನೀನು ಹೋಗು" ಎಂದು ಜಾಗ ಬಿಟ್ಟಳು. ಆಮೇಲೆ ತಾನೂ ಜಾರಿದಳು.

ತವರಿಂದ ತಂದ ಹಾಳೆ ಎರಡೇ ದಿನಕ್ಕೆ ಸೀಳಿಹೋಯಿತು. ಕೆಳಗಿನ ಮನೆಯ ಹುಡುಗ ದಿನಾ ಬಂದು ಕೇಳುತ್ತಿದ್ದಾನೆ. ಪೇಟೆಯಲ್ಲಿ ಎಲ್ಲಿ ಸಿಗುತ್ತದೆ ಗೊತ್ತಾ ಯಾರಿಗಾದರೂ?

ಸಾಗರದ ಅಜ್ಜ

ತಂಗಿ, ಒಣಗಿದ ಹಾಳೆ ಸೀಳುವುದೇ. ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ತೆಗೆದರೆ ಬಾಳಿಕೆ ಬರುತ್ತದೆ. ದಂಟನ್ನು ಮೊಳದುದ್ದ ಬಿಟ್ಟು ಗರಿ ಕತ್ತರಿಸು, ಹಿಡಿಯಲು ಸುಲಭ. ಶನಿವಾರ ಶಿವಮೊಗ್ಗಕ್ಕೆ ಬರುವ ಕೆಲಸ ಇದೆ. ಬಸ್ಸಿನಲ್ಲಿ ಐದು ಹಾಳೆ ಹಾಕಿಕೊಂಡು ಬರುತ್ತೇನೆ.

ವಿನೋಬನಗರದ ಅಮ್ಮ

ಆರು ತನ್ನಿ ಅಜ್ಜಾ. ಎದುರು ಮನೆಯವರೂ ಕೇಳಿದ್ದಾರೆ.